ನಿಮ್ಮ ದಿನದ ದುಡ್ಡು ಯಾರು ಕೊಡ್ತಾರೆ? ಮೊದಲ ಕೆಲಸ ಆರಿಸಿಕೊಳ್ಳುವ ನಮ್ಮ ಕಡೆಯ ಹುಡುಗ-ಹುಡುಗಿಯರಿಗೆ

ಕಳೆದ ದೀಪಾವಳಿಗೆ ಸಕಲೇಶಪುರದ ಹತ್ತಿರದ ನಮ್ಮೂರಿಗೆ ಹೋದಾಗ ಚಿಕ್ಕಪ್ಪನ ಮಗಳು ಎರಡು ಆಫರ್ ಲೆಟರ್ ಪ್ರಿಂಟ್ ತೆಗೆಸಿಟ್ಟುಕೊಂಡು ನನಗಾಗಿ ಕಾಯುತ್ತಿದ್ದಳು. ಒಂದು, ಬೇರೆ ಕಂಪನಿಗಳ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ, ಹಾಸನದ ಆಟೋದವರಿಗೂ ಹೆಸರು ಗೊತ್ತಿರುವ ದೊಡ್ಡ ಐಟಿ ಸರ್ವಿಸ್ ಕಂಪನಿಯದು, ವರ್ಷಕ್ಕೆ 3.6 ಲಕ್ಷ. ಇನ್ನೊಂದು, ನಮ್ಮ ಮನೆಯಲ್ಲಿ ಯಾರೂ ಹೆಸರು ಕೇಳಿರದ ಟೆಕ್ನಾಲಜಿ ಕನ್ಸಲ್ಟಿಂಗ್ ಕಂಪನಿಯದು, 6.5 ಲಕ್ಷ.

"ಅಣ್ಣ, ಯಾವ್ದಕ್ಕೆ ಹೂಂ ಅನ್ಲಿ?"

"ಹೆಸರಿರೋದಕ್ಕೇ ಹೋಗ್ಲಿ ಬಿಡು. ನಾಳೆ ಗಂಡಿನ ಕಡೆಯವರು ಕೇಳಿದ್ರೆ ಹೇಳ್ಕೊಳ್ಳೋಕಾದ್ರೂ ಆಗುತ್ತೆ" ಎಂದರು ಚಿಕ್ಕಮ್ಮ ಒಳಗಿನಿಂದಲೇ. ಚಿಕ್ಕಪ್ಪ ಏನೂ ಹೇಳಲಿಲ್ಲ. ಜಗಲಿ ಮೇಲೆ ಕೂತು ಕಣಕ್ಕೆ ಹಾಸುವ ಟಾರ್ಪಾಲಿಗೆ ತೇಪೆ ಹಾಕುತ್ತಿದ್ದರು.

ನಾನು ಹಾಸನದಲ್ಲೇ ಇಂಜಿನಿಯರಿಂಗ್ ಓದಿದವನು. ಮೂರೂವರೆ ವರ್ಷ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ದುಡಿದು ಈಗ ಬೆಂಗಳೂರಿನ ಒಂದು ಜಿಸಿಸಿಯಲ್ಲಿ, ಅಂದರೆ ವಿದೇಶಿ ಕಂಪನಿಯೊಂದರ ಸ್ವಂತ ಕಚೇರಿಯಲ್ಲಿ ಇದ್ದೇನೆ. ಸರ್ವಿಸ್ ಕಂಪನಿಯಲ್ಲಿ ಕೆಲಸ ಮಾಡಿಲ್ಲ, ಆದರೆ ನನ್ನ ಬ್ಯಾಚಿನ ಮುಕ್ಕಾಲು ಪಾಲು ಜನ ಹೋದದ್ದು ಅಲ್ಲಿಗೇ. ಅವರ ಪಿಜಿಗಳಲ್ಲಿ ಮಲಗಿ, ಅವರ ಗೋಳು ಕೇಳಿ, ಅವರ ಅಪ್ರೈಸಲ್ ದಿನ ಬಿರಿಯಾನಿ ತಿಂದಿದ್ದೇನೆ. ಅಷ್ಟು ಅನುಭವದ ಮೇಲೆ ಬರೆಯುತ್ತಿದ್ದೇನೆ.

ಮೊದಲು ತೋಟದ ಲೆಕ್ಕ

ಅವತ್ತು ಅವಳಿಗೆ ನಾನು ಹೇಳಿದ್ದು ಟಾರ್ಪಾಲು ನೋಡಿಕೊಂಡೇ. ನಮ್ಮ ಕಾಫಿ ತೋಟಗಳಲ್ಲಿ ಕೂಲಿ ಕೊಡುವ ಪದ್ಧತಿ ಒಂದೇ ಅಲ್ಲ. ಕಳೆ ಹೊಡೆಯಲು, ಗೊಬ್ಬರ ಹಾಕಲು ದಿನಗೂಲಿ. ಹಣ್ಣು ಕೊಯ್ಯುವಾಗ ಕೆ.ಜಿ. ಲೆಕ್ಕ, ಸಂಜೆ ತೂಕ ಮಾಡಿ ಚೀಟಿ ಬರೆಯುತ್ತಾರೆ. ಮರಗಸಿ, ಬೇಲಿ, ಗುಂಡಿ ತೆಗೆಯುವುದಕ್ಕೆಲ್ಲ ಗುತ್ತಿಗೆ: ಇಷ್ಟು ಕೆಲಸ, ಇಷ್ಟು ದುಡ್ಡು, ನಾಲ್ಕು ದಿನದಲ್ಲಾದರೂ ಮುಗಿಸು, ಹದಿನಾಲ್ಕು ದಿನದಲ್ಲಾದರೂ ಮುಗಿಸು. ಆಳು ಅದೇ, ಕತ್ತಿ ಅದೇ. ಲೆಕ್ಕ ಬದಲಾದ ತಕ್ಷಣ ಕೆಲಸದ ವೇಗ, ಮೇಸ್ತ್ರಿಯ ಗದರಿಕೆ, ಮಧ್ಯಾಹ್ನದ ನಿದ್ದೆ ಎಲ್ಲವೂ ಬದಲಾಗುತ್ತವೆ.

ಐಟಿಯೂ ಹಾಗೆಯೇ. ಒಬ್ಬ ಫ್ರೆಶರ್‌ನ ದಿನ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಕಂಪನಿಯ ಹೆಸರಿಗಿಂತ ಮೊದಲು, ಆತನ ದಿನಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಬೇಕು. ಕನ್ಸಲ್ಟಿಂಗ್‌ನಲ್ಲೂ ಸರ್ವಿಸ್‌ನಲ್ಲೂ ಕ್ಲೈಂಟ್, ಅಂದರೆ ಕೆಲಸ ಮಾಡಿಸಿಕೊಳ್ಳುವ ಗಿರಾಕಿ ಕೊಡುತ್ತಾನೆ. ಜಿಸಿಸಿಯಲ್ಲಿ ಮಾತೃ ಕಂಪನಿ ಕೊಡುತ್ತದೆ. ಪ್ರಾಡಕ್ಟ್ ಕಂಪನಿಯಲ್ಲಿ ಪ್ರಾಡಕ್ಟ್ ಕೊಂಡವರು, ಸ್ಟಾರ್ಟಪ್‌ನಲ್ಲಿ ಬಹುಪಾಲು ಹೂಡಿಕೆದಾರರು. ಕ್ಲೈಂಟ್ ಕೊಡುವ ಕಡೆ ಮತ್ತೆ ಎರಡು ಬಗೆ. ಟೈಮ್ ಆಂಡ್ ಮೆಟೀರಿಯಲ್ ಅಂದರೆ ದಿನಗೂಲಿ: ನೀನು ಎಷ್ಟು ಗಂಟೆ ಕೂತೆಯೋ ಅಷ್ಟು ಬಿಲ್ಲು. ಫಿಕ್ಸೆಡ್ ಪ್ರೈಸ್ ಅಂದರೆ ಗುತ್ತಿಗೆ: ಮೊತ್ತ ಮೊದಲೇ ತೀರ್ಮಾನ, ತಡವಾದರೆ ನಷ್ಟ ಕಂಪನಿಯದು.

ದಿನಗೂಲಿ ಪ್ರಾಜೆಕ್ಟಿನಲ್ಲಿ ಫ್ರೆಶರ್ ಹೆಚ್ಚುವರಿ ತಲೆ. ಕೆಲಸ ನಿಧಾನ, ಕಲಿಕೆಯೂ ನಿಧಾನ, ಆದರೆ ಆರೂವರೆಗೆ ಮನೆಗೆ ಹೋಗಬಹುದು. ಗುತ್ತಿಗೆ ಪ್ರಾಜೆಕ್ಟಿನಲ್ಲಿ ಐದು ಜನ ಮಾಡಬೇಕಾದ್ದನ್ನು ಮೂವರಿಗೆ ಹಚ್ಚುತ್ತಾರೆ. ಆರು ತಿಂಗಳಲ್ಲಿ ಎರಡು ವರ್ಷದ ವಿದ್ಯೆ ಬರುತ್ತದೆ, ಜೊತೆಗೆ ಗ್ಯಾಸ್ಟ್ರಿಕ್ಕೂ ಬರುತ್ತದೆ.

ಕನ್ಸಲ್ಟಿಂಗ್ ಅಂದರೆ ಏನು ಮಾಡ್ತಾರೆ?

"ಸಲಹೆ ಕೊಡೋ ಕೆಲ್ಸನಾ? ಇಪ್ಪತ್ತೆರಡು ವರ್ಷದೋಳು ಯಾರಿಗೆ ಏನ್ ಸಲಹೆ ಕೊಡ್ತಾಳೆ?" ಎಂದು ಚಿಕ್ಕಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. ಯಾರಿಗೂ ಏನೂ ಕೊಡುವುದಿಲ್ಲ, ಮೊದಲ ಎರಡು ವರ್ಷವಂತೂ ಖಂಡಿತ ಇಲ್ಲ.

ಟೆಕ್ನಾಲಜಿ ಕನ್ಸಲ್ಟಿಂಗ್ ಎಂಬ ಹಣೆಪಟ್ಟಿಯ ಕೆಳಗೆ ಮೂರು ನಾಲ್ಕು ಥರದ ಕಂಪನಿಗಳಿವೆ. ಡೆಲಾಯ್ಟ್, ಇವೈ, ಪಿಡಬ್ಲ್ಯುಸಿ, ಕೆಪಿಎಂಜಿ ಈ ನಾಲ್ಕು ಆಡಿಟ್ ಮೂಲದವು, 'ಬಿಗ್ ಫೋರ್'. ಅಕ್ಸೆಂಚರ್ ಕೂಡ ಆರ್ಥರ್ ಆಂಡರ್ಸನ್ ಎಂಬ ಆಡಿಟ್ ಮನೆತನದಿಂದ ಹೊರಬಿದ್ದು 2001ರಲ್ಲಿ ಈ ಹೆಸರು ಇಟ್ಟುಕೊಂಡದ್ದು. ಅದು ಇವತ್ತು ಅರ್ಧ ಕನ್ಸಲ್ಟಿಂಗ್, ಅರ್ಧ ಸರ್ವಿಸ್. ಟಿಸಿಎಸ್, ಇನ್ಫೋಸಿಸ್‌ಗಳ ಒಳಗೂ ಕನ್ಸಲ್ಟಿಂಗ್ ವಿಭಾಗಗಳಿವೆ. ಇವುಗಳ ಜೊತೆಗೆ ನೂರು-ಇನ್ನೂರು ಜನರ ಸಣ್ಣ ಕಂಪನಿಗಳು: ಬರೀ ಸ್ಯಾಪ್ (ಕಂಪನಿಯ ವ್ಯವಹಾರವೆಲ್ಲ ನಡೆಸುವ ಸಾಫ್ಟ್‌ವೇರ್), ಬರೀ ಸೇಲ್ಸ್‌ಫೋರ್ಸ್ (ಗಿರಾಕಿ, ಮಾರಾಟ ನೋಡಿಕೊಳ್ಳುವ ಸಾಫ್ಟ್‌ವೇರ್), ಇಲ್ಲವೇ ಬರೀ ಡೇಟಾ ಕೆಲಸ ಮಾಡುವಂಥವು. ತಂಗಿಗೆ ಸಿಕ್ಕಿದ್ದು ಈ ಕೊನೆಯ ಜಾತಿ, ಸ್ಯಾಪ್ ಕೆಲಸದ್ದು.

ಒಂದು ಕಾರ್ಖಾನೆಯ ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಲೆಕ್ಕಪತ್ರ ಎಲ್ಲ ಒಂದೇ ಸಾಫ್ಟ್‌ವೇರ್‌ನಲ್ಲಿ ನಡೆಯಬೇಕು. ಆ ಸಾಫ್ಟ್‌ವೇರ್ ಪೆಟ್ಟಿಗೆಯಲ್ಲಿ ಬಂದ ಹಾಗೆಯೇ ಓಡುವುದಿಲ್ಲ. ಕಾರ್ಖಾನೆಯ ರೀತಿಗೆ ಅದನ್ನು ಹೊಂದಿಸಬೇಕು, ಹಳೆಯ ಲೆಕ್ಕ ತಂದು ತುಂಬಬೇಕು, ಜನರಿಗೆ ಕಲಿಸಬೇಕು, ಒಂದು ರಾತ್ರಿ ಹಳೆಯದನ್ನು ನಿಲ್ಲಿಸಿ ಹೊಸದನ್ನು ಶುರು ಮಾಡಬೇಕು. ಆ ರಾತ್ರಿಗೆ ಕಟ್‌ಓವರ್ ಎನ್ನುತ್ತಾರೆ, ಮರುದಿನಕ್ಕೆ ಗೋ-ಲೈವ್. ಸ್ಯಾಪ್ ತನ್ನ ಹಳೆಯ ಇಸಿಸಿ ಆವೃತ್ತಿಗೆ ಕೊಡುವ ಸಾಮಾನ್ಯ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ. ಅದಕ್ಕಾಗಿ ಸಾವಿರಾರು ಕಂಪನಿಗಳು ಹೊಸ ಎಸ್/4 ಹಾನಾಗೆ ದಾಟುವ ಗಡಿಬಿಡಿಯಲ್ಲಿವೆ. ಈ ದಾರಿ ಹಿಡಿಯುವವರಿಗೆ ಸದ್ಯಕ್ಕೆ ಕೆಲಸಕ್ಕೆ ಬರವಿಲ್ಲ.

ಫ್ರೆಶರ್ ಪಾಲಿಗೆ ಬರುವುದು: ಮೀಟಿಂಗ್‌ನಲ್ಲಿ ಮಿನಿಟ್ಸ್ ಬರೆಯುವುದು, ಎಕ್ಸೆಲ್ ಸ್ವಚ್ಛ ಮಾಡುವುದು, ಟೆಸ್ಟ್ ಸ್ಕ್ರಿಪ್ಟ್ ಬರೆದು ಬಳಕೆದಾರರ ಪಕ್ಕ ಕೂತು ಓಡಿಸುವುದು, ಸ್ಕ್ರೀನ್‌ಶಾಟ್ ಅಂಟಿಸಿ ಮ್ಯಾನುಯಲ್ ಮಾಡುವುದು, ರಾತ್ರಿ ಪಿಪಿಟಿಯ ಬಣ್ಣ ಸರಿಪಡಿಸುವುದು. ಕೇಳಲು ಸಪ್ಪೆ. ಇದರಲ್ಲೇ ಇರುವ ಖಾರವನ್ನು ನನ್ನ ಮೊದಲ ಗೋ-ಲೈವ್ ಕಥೆಯಿಂದಲೇ ಹೇಳಬೇಕು.

ತುಮಕೂರಿನ ಕಡೆಯ ಒಂದು ಆಹಾರ ಪದಾರ್ಥದ ಫ್ಯಾಕ್ಟರಿ. ಕಟ್‌ಓವರ್ ರಾತ್ರಿ ಗೋಡೌನಿನ ಆರಂಭಿಕ ದಾಸ್ತಾನು ಏರಿಸುವ ಫೈಲು ನನ್ನ ಕೈಯಲ್ಲಿತ್ತು. ಒಂದು ಸಾಲಿನಲ್ಲಿ 1,840 ಎಂದಿತ್ತು. ಸಿಸ್ಟಮ್‌ನಲ್ಲಿ ಆ ವಸ್ತುವಿನ ಅಳತೆ ಕೆ.ಜಿ. ಏರಿಸಿದೆ, ಹಸಿರು ದೀಪ ಬಂತು, ಬೆಳಗಿನ ಜಾವ ನಾಲ್ಕಕ್ಕೆ ಕುರ್ಚಿಯಲ್ಲೇ ನಿದ್ದೆ ಹೋದೆ. ಎಂಟು ಗಂಟೆಗೆ ಸ್ಟೋರ್‌ಕೀಪರ್ ಬಂದು ಭುಜ ತಟ್ಟಿದರು. "ಸಾರ್, ರಾತ್ರಿ ನಮ್ ಗೋಡೌನ್‌ಗೆ ಕಳ್ಳರೇನಾದ್ರೂ ನುಗ್ಗಿದ್ರಾ?" ಹೊರಗೆ ಮೂರು ಲಾರಿ ನಿಂತಿದ್ದವು, ಸ್ಟಾಕ್ ಇಲ್ಲ ಎಂದು ಸಿಸ್ಟಮ್ ಒಂದಕ್ಕೂ ಬಿಲ್ ಕೊಡುತ್ತಿರಲಿಲ್ಲ. ಆ 1,840 ಅನ್ನುವುದು ಮೂಟೆ. ಮೂಟೆಗೆ ಐವತ್ತು ಕೆ.ಜಿ. ಅಂದರೆ 92,000 ಕೆ.ಜಿ. ಮಾಲು ಎದುರಿಗೆ ರಾಶಿ ಬಿದ್ದಿದೆ, ಕಂಪ್ಯೂಟರಿನಲ್ಲಿ 1,840 ಕೆ.ಜಿ. ಮಾತ್ರ ಇದೆ.

ಐವತ್ತು ಕೆ.ಜಿ. ಮೂಟೆಯ ಲೆಕ್ಕ ಕಾಫಿ ಸೀಮೆಯ ಹುಡುಗನಿಗೆ ಬೇರೆ ಯಾರಾದರೂ ಹೇಳಿಕೊಡಬೇಕೆ? ಹುಟ್ಟಿದಾಗಿನಿಂದ ಮನೆಯಲ್ಲಿ ಚೆರ್ರಿ ರೇಟು ಅಂದರೆ ಐವತ್ತು ಕೆ.ಜಿ.ಯ ರೇಟು. ನನಗೆ ನಾಚಿಕೆಯಾದದ್ದು ಅದಕ್ಕೆ. ಸ್ಯಾಪ್‌ನಲ್ಲಿ ದಾಸ್ತಾನು ಏರಿಸುವ ಕೋಡ್ 561ರಲ್ಲಿ ಏರಿಸಿದ್ದನ್ನು, ಅದನ್ನು ರದ್ದು ಮಾಡುವ ಕೋಡ್ 562ರಲ್ಲಿ ಇಳಿಸಿ, ಸರಿಯಾದ ಅಂಕಿ ಹಾಕಿ, ಲಾರಿ ಹೊರಡುವಷ್ಟರಲ್ಲಿ ಹನ್ನೊಂದೂವರೆ. ಮ್ಯಾನೇಜರ್ ಬೈದರು, ಕ್ಲೈಂಟ್ ಕಡೆಯವರು ಅದಕ್ಕಿಂತ ಹೆಚ್ಚು ಬೈದರು. ಸ್ಟೋರ್‌ಕೀಪರ್ ಮಾತ್ರ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಇಡ್ಲಿ ಕೊಡಿಸಿದರು.

ಕನ್ಸಲ್ಟಿಂಗ್‌ನ ಒಳ್ಳೆಯದು, ಕೆಟ್ಟದ್ದು ಎರಡೂ ಈ ಬೆಳಗಿನಲ್ಲಿವೆ. ಇಪ್ಪತ್ತಮೂರನೇ ವಯಸ್ಸಿಗೆ ಒಂದು ಫ್ಯಾಕ್ಟರಿಯ ಲಾರಿ ನಿಲ್ಲಿಸುವಷ್ಟು ಜವಾಬ್ದಾರಿ ಕೈಗೆ ಬರುತ್ತದೆ. ನನ್ನ ಸರ್ವಿಸ್ ಕಂಪನಿ ಗೆಳೆಯರಿಗೆ ಆ ವಯಸ್ಸಿನಲ್ಲಿ ಕ್ಲೈಂಟಿನ ನಿಜವಾದ ಕೆಲಸ ಓಡುವ ಪ್ರೊಡಕ್ಷನ್ ಸರ್ವರಿನ ಪಾಸ್‌ವರ್ಡೇ ಸಿಕ್ಕಿರಲಿಲ್ಲ. ಅವರು ರಾತ್ರಿ ನಿದ್ದೆ ಮಾಡುತ್ತಿದ್ದರು ಎಂಬುದೂ ನಿಜ.

ಇನ್ನೊಂದು ಮಾತು. ಪೀಣ್ಯ, ಬೊಮ್ಮಸಂದ್ರದ ಶಾಪ್‌ಫ್ಲೋರಿನಲ್ಲಿ ನನ್ನ ಕೆಲಸ ಸಲೀಸಾದದ್ದು ಕನ್ನಡದಿಂದ. ಮೀಟಿಂಗ್ ರೂಮಿನಲ್ಲಿ ಇಂಗ್ಲಿಷಿನಲ್ಲಿ ಯಾರೂ ಬಾಯಿ ಬಿಡದ ವಿಷಯ ಸೂಪರ್‌ವೈಸರ್ ಟೀ ಕುಡಿಯುತ್ತಾ ಕನ್ನಡದಲ್ಲಿ ಹೇಳಿಬಿಡುತ್ತಾರೆ. "ನಮ್ಮ ಕಾಲೇಜಿನವರಿಗೆ ಕಮ್ಯುನಿಕೇಶನ್ ಇಲ್ಲ" ಎಂದು ತಲೆ ತಗ್ಗಿಸುವವರು ಇದನ್ನು ನೆನಪಿಟ್ಟುಕೊಳ್ಳಿ. ಹಾಗಂತ ಇಂಗ್ಲಿಷ್ ಬೇಡ ಎಂದಲ್ಲ: ಮೇಲ್ ಬರೆಯಲು ಬರಲೇಬೇಕು. ಉಚ್ಚಾರಣೆ ಹೇಗಿದ್ದರೂ ನಡೆಯುತ್ತದೆ, ಗೊಂದಲದ ಮೇಲ್ ನಡೆಯುವುದಿಲ್ಲ.

ಬೆಂಚು, ಟೈಮ್‌ಶೀಟು

ಕ್ಲೈಂಟ್ ದುಡ್ಡು ಕೊಡುವ ಕಡೆಯೆಲ್ಲ ಟೈಮ್‌ಶೀಟ್ ಇರುತ್ತದೆ. ಶುಕ್ರವಾರ ಸಂಜೆ ಯಾವ ಗಂಟೆ ಯಾವ ಪ್ರಾಜೆಕ್ಟಿಗೆ ಎಂದು ತುಂಬಬೇಕು. ಪ್ರಾಜೆಕ್ಟ್ ಇಲ್ಲದೆ ಕೂತರೆ ಬೆಂಚು. ಮೊದಲ ವಾರ ಬೆಂಚು ಬೇಸಿಗೆ ರಜೆ ಇದ್ದ ಹಾಗೆ, ಮೂರನೇ ವಾರದಿಂದ ಹೊಟ್ಟೆಯಲ್ಲಿ ಸಂಕಟ. ನಾನು ಎರಡು ತಿಂಗಳು ಕೂತಿದ್ದೆ. ದಿನಾ ಬೆಳಿಗ್ಗೆ ಯಾರ್‍ಯಾರೋ ಮ್ಯಾನೇಜರುಗಳಿಗೆ "ನನ್ನನ್ನು ತಗೊಳ್ಳಿ" ಎಂದು ಮೇಲ್ ಹಾಕುವುದು, ಅರೇಂಜ್ಡ್ ಮ್ಯಾರೇಜಿನ ಬಯೋಡೇಟಾ ಹಂಚಿದ ಹಾಗೆ. ಆ ವರ್ಷ ನನ್ನ ರೇಟಿಂಗ್ ಇಳಿಯಿತು, ವೇರಿಯಬಲ್ ಪೇ (ಕೆಲಸ ನೋಡಿ ಕೊಡುವ ಸಂಬಳದ ಭಾಗ) ಅರ್ಧಕ್ಕೆ ಬಂತು.

ಬೆಂಚಿನ ಕಾಟ ಸಣ್ಣ ಕನ್ಸಲ್ಟಿಂಗ್ ಕಂಪನಿಗಳಿಗೆ ಮಾತ್ರ ಎಂಬ ನಂಬಿಕೆ ನಮ್ಮ ಕಡೆ ಇದೆ. ಅದು ಹಳೆಯ ಮಾತು. ಟಿಸಿಎಸ್ 2025ರ ಜೂನ್‌ನಲ್ಲಿ, ವರ್ಷಕ್ಕೆ ಕನಿಷ್ಠ 225 ದಿನ ಬಿಲ್ ಆಗುವ ಕೆಲಸದಲ್ಲಿರಬೇಕು, ಬೆಂಚು 35 ದಿನ ಮೀರಬಾರದು ಎಂಬ ನಿಯಮ ತಂದಿತು. ಮರುತಿಂಗಳೇ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದು ಹೆಚ್ಚಾಗಿ ಮಧ್ಯಮ ಮತ್ತು ಮೇಲಿನ ಹಂತದವರಿಗೆ ಎಂದಿದ್ದರೂ, "ದೊಡ್ಡ ಕಂಪನಿ ಅಂದ್ರೆ ಸರ್ಕಾರಿ ನೌಕರಿ ಇದ್ದ ಹಾಗೆ" ಎಂಬ ಚಿಕ್ಕಮ್ಮನ ವಾದಕ್ಕೆ ಇದೊಂದೇ ಉತ್ತರ ಸಾಕು.

ದೊಡ್ಡ ಸರ್ವಿಸ್ ಕಂಪನಿ ಯಾರಿಗೆ ಒಳ್ಳೆಯದು

ಹಾಗಂತ ಸರ್ವಿಸ್ ಕಂಪನಿಯನ್ನು ತೆಗೆದುಹಾಕಬೇಡಿ. ಅವರು ಕಲಿಸುವಷ್ಟು ತಾಳ್ಮೆಯಿಂದ ಬೇರೆ ಯಾರೂ ಫ್ರೆಶರ್‌ಗೆ ಕಲಿಸುವುದಿಲ್ಲ. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಸಂಬಳ ಕೊಟ್ಟು, ಇರಲು ಜಾಗ ಕೊಟ್ಟು, ಪರೀಕ್ಷೆ ಮಾಡಿ ತಯಾರು ಮಾಡುತ್ತಾರೆ. ನನ್ನ ಗೆಳೆಯನೊಬ್ಬ ಸಿವಿಲ್ ಓದಿದವನು, ಅಲ್ಲಿಗೆ ಹೋಗುವ ಮೊದಲು ಒಂದು ಲೂಪ್ ಬರೆಯಲು ಬರುತ್ತಿರಲಿಲ್ಲ. ಈಗ ಜಾವಾದಲ್ಲಿ ನನಗೆ ಪಾಠ ಹೇಳುತ್ತಾನೆ. ಆದರೆ ಆ ಪರೀಕ್ಷೆಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಕೊಟ್ಟಷ್ಟು ಅವಕಾಶದಲ್ಲಿ ಪಾಸಾಗದಿದ್ದರೆ ಮನೆಗೆ ಕಳಿಸುವುದು ಈ ಉದ್ಯಮದಲ್ಲಿ ಇರುವುದೇ.

ಬಿಸಿಎ, ಬಿಎಸ್ಸಿ ಓದಿದವರಿಗೆ ಇನ್ನೊಂದು ಬಾಗಿಲಿದೆ. ವಿಪ್ರೋದ ವಿಲ್ಪ್ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಲೇ ಕಂಪನಿಯ ಖರ್ಚಿನಲ್ಲಿ ಎಂ.ಟೆಕ್ ಮಾಡಬಹುದು. ಸೇವಾ ಒಪ್ಪಂದದ ಅವಧಿ ದೊಡ್ಡದು, ಪೂರ್ತಿ ಓದಿ ಸಹಿ ಹಾಕಿ. ಹಾಸನ, ಚಿಕ್ಕಮಗಳೂರಿನ ಡಿಗ್ರಿ ಕಾಲೇಜುಗಳಲ್ಲಿ ಇದರ ಬಗ್ಗೆ ಹೇಳುವವರು ಕಡಿಮೆ.

ಸರ್ವಿಸ್ ಕಂಪನಿಯ ದೊಡ್ಡ ತೊಂದರೆ ಅದೃಷ್ಟ. ತರಬೇತಿ ಪೈಥಾನ್‌ನಲ್ಲಿ, ಪ್ರಾಜೆಕ್ಟ್ ಇಪ್ಪತ್ತು ವರ್ಷ ಹಳೆಯ ಮೇನ್‌ಫ್ರೇಮಿನಲ್ಲಿ. ಅಥವಾ ರಾತ್ರಿ ಪಾಳಿಯ ಸಪೋರ್ಟ್: ಟಿಕೆಟ್ ಬರುತ್ತದೆ, ಮೇಲಿನವರಿಗೆ ದಾಟಿಸುತ್ತೀರಿ, ಮತ್ತೆ ಟಿಕೆಟ್ ಬರುತ್ತದೆ. ಅಲ್ಲಿ ಒಂದೂವರೆ ವರ್ಷ ಮೀರಿ ಕೂತರೆ ಹೊರಗೆ ಇಂಟರ್‌ವ್ಯೂನಲ್ಲಿ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಫ್ರೆಶರ್ ಸಂಬಳವಂತೂ ಬಹಳ ವರ್ಷಗಳಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ, ಪಿಜಿ ಬಾಡಿಗೆ ನಿಂತಿಲ್ಲ. ಕೋಡಿಂಗ್ ಚೆನ್ನಾಗಿದ್ದರೆ ಅದೇ ಕಂಪನಿಗಳಲ್ಲಿ ಹೆಚ್ಚಿನ ಸಂಬಳದ ದಾರಿಗಳಿವೆ, ಟಿಸಿಎಸ್‌ನಲ್ಲಿ ಡಿಜಿಟಲ್, ಇನ್ಫೋಸಿಸ್‌ನಲ್ಲಿ ಪವರ್ ಪ್ರೋಗ್ರಾಮರ್ ಅಂತ. ಒಂದೇ ಗೇಟಿನ ಒಳಗೆ ಹೋಗುವವರ ಸಂಬಳದಲ್ಲಿ ದುಪ್ಪಟ್ಟು ವ್ಯತ್ಯಾಸ ಇರುತ್ತದೆ.

ಆನ್‌ಸೈಟ್, ಅಂದರೆ ವಿದೇಶದ ಕ್ಲೈಂಟ್ ಜಾಗಕ್ಕೆ ಹೋಗುವ ಆಸೆಯಿಂದ ಸೇರುವವರಿಗೆ ಒಂದು ಎಚ್ಚರ. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಎರಡು ವರ್ಷದ ಅನುಭವದ ಹುಡುಗನ ಮೇಲೆ ಅಷ್ಟು ದುಡ್ಡು ಹಾಕುವ ಮ್ಯಾನೇಜರನ್ನು ನಾನಿನ್ನೂ ನೋಡಿಲ್ಲ.

ಜಿಸಿಸಿ, ಸ್ಟಾರ್ಟಪ್, ಊರು

ಜಿಸಿಸಿ ಅಂದರೆ ಗ್ಲೋಬಲ್ ಕೇಪಬಿಲಿಟಿ ಸೆಂಟರ್: ವಿದೇಶಿ ಬ್ಯಾಂಕು, ಅಂಗಡಿ, ಕಾರು ಕಂಪನಿಗಳು ತಮ್ಮ ಕೆಲಸಕ್ಕೆಂದೇ ಇಲ್ಲಿ ತೆರೆದ ಸ್ವಂತ ಕಚೇರಿ. ದೇಶದಲ್ಲಿ 1,700ಕ್ಕೂ ಹೆಚ್ಚಿವೆ, ಅತಿ ಹೆಚ್ಚು ಬೆಂಗಳೂರಿನಲ್ಲೇ. ಇಲ್ಲಿ ಬಿಲ್ಲಿಂಗ್ ಇಲ್ಲ, ಬೆಂಚಿಲ್ಲ, ಸಂಬಳ ಚೆನ್ನಾಗಿದೆ. ಇದು ಸ್ವಂತ ತೋಟದ ಆಳು ಇದ್ದ ಹಾಗೆ, ಮಳೆಗಾಲದಲ್ಲೂ ಕೆಲಸ ಇರುತ್ತದೆ. ಆದರೆ ಯಜಮಾನ ತೋಟ ಮಾರಿದರೆ ಮುಗೀತು.

ತೊಡಕು ಏನೆಂದರೆ, ಇವರು ಕ್ಯಾಂಪಸ್ಸಿಗೆ ಬರುವುದು ಹೆಚ್ಚಾಗಿ ಬೆಂಗಳೂರಿನ ಆಯ್ದ ಕಾಲೇಜುಗಳಿಗೆ. ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, ಚಿಕ್ಕಮಗಳೂರಿನ ಎಐಟಿ 1980ರಿಂದ. ಹಳೆಯ ವಿದ್ಯಾರ್ಥಿಗಳು ಎಲ್ಲ ಕಡೆ ಇದ್ದಾರೆ. ಅವರ ರೆಫರಲ್ (ಶಿಫಾರಸು) ನಮಗಿರುವ ದೊಡ್ಡ ಆಸ್ತಿ, ನಾವು ಸಂಕೋಚಪಟ್ಟುಕೊಂಡು ಕೇಳುವುದಿಲ್ಲ ಅಷ್ಟೆ. ಫ್ರೆಶರ್ ಆಗಿ ಸಿಕ್ಕರೆ ಕಣ್ಣುಮುಚ್ಚಿ ಹೋಗಿ. ಸಿಗದಿದ್ದರೆ ಎರಡು ಮೂರು ವರ್ಷದ ಕನ್ಸಲ್ಟಿಂಗ್ ಅನುಭವ ಅಲ್ಲಿಗೆ ಒಳ್ಳೆಯ ಮೆಟ್ಟಿಲು. ನಾನು ಹತ್ತಿದ್ದು ಅದೇ ಮೆಟ್ಟಿಲು.

ಸ್ಟಾರ್ಟಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿಯಲ್ಲಿ ಎಷ್ಟು ತಿಂಗಳ ಸಂಬಳಕ್ಕೆ ದುಡ್ಡಿದೆ ಎಂದು ನೇರವಾಗಿ ಕೇಳಿ. ಉತ್ತರ ಹೇಳಲು ತಡವರಿಸಿದರೆ ಎದ್ದು ಬನ್ನಿ.

ಊರಲ್ಲೇ ಇರುವ ಆಸೆ ಇದ್ದವರಿಗೆ: ಸರ್ಕಾರದ 'ಬಿಯಾಂಡ್ ಬೆಂಗಳೂರು' ಯೋಜನೆ ಮೊದಲು ಒತ್ತು ಕೊಟ್ಟದ್ದು ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಗೆ. ಹಾಸನದಲ್ಲಿ 1982ರಿಂದ ಇಸ್ರೋದ ಎಂಸಿಎಫ್ ಇದ್ದು ಉಪಗ್ರಹಗಳನ್ನೇ ಇಲ್ಲಿಂದ ನಡೆಸುತ್ತಾರೆ, ಆದರೂ ಫ್ರೆಶರ್‌ಗೆ ಕೆಲಸ ಕೊಡುವ ಸಾಫ್ಟ್‌ವೇರ್ ಕಂಪನಿ ಹುಡುಕಿದರೆ ಕೈಬೆರಳು ಸಾಕು. ಪರೀಕ್ಷೆ ಬರೆಯುತ್ತೇನೆ, ಕೆಪಿಎಸ್‌ಸಿ, ಬ್ಯಾಂಕು ಎನ್ನುವವರು ಮನೆಯಲ್ಲಿ ಒಂದು ಗಡುವು ಮಾತಾಡಿಕೊಳ್ಳಿ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂ. ಎರಡು ವರ್ಷದವರೆಗೆ ಬರುತ್ತದೆ. ಬಸ್ ಚಾರ್ಜಿಗೆ, ಅರ್ಜಿ ಫೀಸಿಗೆ ಆಗುತ್ತದೆ.

ಆಫರ್ ಲೆಟರನ್ನು ಪೆನ್ನು ಹಿಡಿದು ಓದುವುದು

ತಂಗಿಯ ಲೆಕ್ಕ ಹೀಗಿತ್ತು: 6.5 ಲಕ್ಷ ಭಾಗಿಸು 12, ತಿಂಗಳಿಗೆ 54 ಸಾವಿರ. ಸ್ಕೂಟಿಯ ಇಎಂಐ ಕೂಡ ಹಾಕಿಟ್ಟಿದ್ದಳು. ಲೆಟರಿನ ಹಿಂದಿರುವ ಸಂಬಳದ ವಿವರದ ಪಟ್ಟಿ (ಅನೆಕ್ಷರ್) ತೆಗೆಸಿ ಒಂದೊಂದೇ ಸಾಲಿನ ಪಕ್ಕ ಬರೆದೆವು.

ಜಾಯಿನಿಂಗ್ ಬೋನಸ್ 50,000. ಒಂದೇ ಸಲ ಬರುತ್ತದೆ, ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು. ವೇರಿಯಬಲ್ 50,000, ಬಂದರೆ ಬಂತು. ಕಂಪನಿ ಕಟ್ಟುವ ಪಿಎಫ್ ತಿಂಗಳಿಗೆ 1,800ರಂತೆ ವರ್ಷಕ್ಕೆ 21,600, ನಿಮ್ಮದೇ ದುಡ್ಡು, ಆದರೆ ಕೈಗಲ್ಲ. ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) 14,430: ತಿಂಗಳ ಬೇಸಿಕ್ 25,000, ವರ್ಷಕ್ಕೆ ಮೂರು ಲಕ್ಷ, ಅದರ ಶೇ. 4.81. ಸಾಮಾನ್ಯವಾಗಿ ಐದು ವರ್ಷ ಇದ್ದರೆ ಮಾತ್ರ ಸಿಗುವ ಇದನ್ನು ಎರಡು ವರ್ಷಕ್ಕೆ ಬಿಡುವವರಿಗೂ ಸಿಟಿಸಿಯಲ್ಲಿ (ಕಂಪನಿ ಹೇಳುವ ವರ್ಷದ ಒಟ್ಟು ಮೊತ್ತದಲ್ಲಿ) ತೋರಿಸುತ್ತಾರೆ. ಇನ್ಶೂರೆನ್ಸ್ 10,000. ಇವೆಲ್ಲ ಕಳೆದರೆ ಉಳಿಯುವುದು 5,03,970, ತಿಂಗಳಿಗೆ ಸುಮಾರು 42,000. ಅದರಲ್ಲಿ ಅವಳ ಪಾಲಿನ ಪಿಎಫ್ 1,800, ಪ್ರೊಫೆಶನಲ್ ಟ್ಯಾಕ್ಸ್ 200. ಕೈಗೆ 40,000. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಆ ಚಿಂತೆ ಇಲ್ಲ.

ಅದೇ ರೀತಿ 3.6 ಲಕ್ಷದ ಆಫರ್ ಬಿಡಿಸಿದರೆ 23 ಸಾವಿರ ಚಿಲ್ಲರೆ. ಬೆಂಗಳೂರಿನಲ್ಲಿ ಮೂವರು ಹಂಚಿಕೊಳ್ಳುವ ಪಿಜಿ, ಓಡಾಟ, ಫೋನು, ತಿಂಗಳಿಗೆರಡು ಸಲ ಊರು ಎಂದರೆ 15-16 ಸಾವಿರ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ. ಎಜುಕೇಶನ್ ಲೋನ್ ಕಂತು ಇರುವವರಿಗೆ ಈ 17 ಸಾವಿರದ ವ್ಯತ್ಯಾಸವೇ ನಿರ್ಧಾರ ಮಾಡಿಬಿಡುತ್ತದೆ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಬಾಂಡ್, ಅಂದರೆ ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಎಂಬ ಕರಾರಿನ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಒಂದು ಗಾಳಿಮಾತು ಓಡಾಡುತ್ತದೆ: "ಬಾಂಡ್ ಕೋರ್ಟಲ್ಲಿ ನಿಲ್ಲಲ್ಲ ಮಗಾ." ಹಾಗಲ್ಲ. ಒಂದು ಬ್ಯಾಂಕಿನ ಮೂರು ವರ್ಷದ ಕರಾರು, ಬಿಟ್ಟರೆ ಎರಡು ಲಕ್ಷ ರೂ. ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಪ್ರತಿಯೊಂದು ಬಾಂಡೂ ಹಾಗೆಯೇ ನಿಲ್ಲುತ್ತದೆ ಎಂದಲ್ಲ, ಮೊತ್ತ ನ್ಯಾಯಸಮ್ಮತವಾಗಿರಬೇಕು. ಆದರೆ ಸಹಿ ಹಾಕಿ ಆಮೇಲೆ ನೋಡಿಕೊಳ್ಳೋಣ ಎನ್ನುವ ಕಾಲ ಹೋಯಿತು. ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ) ನೋಡಿ. ಬಹಳ ಕಡೆ 90 ದಿನ. ಒಳ್ಳೆಯ ಕೆಲಸ ಸಿಕ್ಕರೂ ಮೂರು ತಿಂಗಳು ಕಾಯುವವರು ಕಡಿಮೆ. ಮೂಲ ಅಂಕಪಟ್ಟಿ ಕೇಳಿದರೆ ತೋರಿಸಿ, ಇಟ್ಟುಕೊಳ್ಳಲು ಕೊಡಬೇಡಿ. ಕೆಲಸಕ್ಕೆಂದು ಡೆಪಾಸಿಟ್ ಕೇಳುವವರು ಮೋಸಗಾರರೇ, ಅವರು ಎಷ್ಟೇ ಚೆಂದದ ಲೆಟರ್‌ಹೆಡ್ ಕಳಿಸಲಿ.

ಜಾಯಿನಿಂಗ್ ತಡವಾಗುವುದಕ್ಕೂ ಸಿದ್ಧವಾಗಿರಿ. 2022ರ ಬ್ಯಾಚಿನ ಎಷ್ಟೋ ಜನ ಆಫರ್ ಲೆಟರ್ ಫ್ರೇಮ್ ಹಾಕಿಸಿಕೊಂಡು ವರ್ಷಗಟ್ಟಲೆ ಕಾದರು. ದಿನಾಂಕ ಬರೆದಿಲ್ಲದ ಲೆಟರನ್ನು ಭರವಸೆ ಎಂದುಕೊಳ್ಳಿ, ಕೆಲಸ ಎಂದುಕೊಳ್ಳಬೇಡಿ.

ದೂರದ ಲೆಕ್ಕ

ಇದನ್ನು ಯಾರೂ ಹೋಲಿಕೆಯಲ್ಲಿ ಸೇರಿಸುವುದಿಲ್ಲ, ಸೇರಿಸಬೇಕು. ಹಾಸನದವರಿಗೆ 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ರೈಲು ದಾರಿ ಆದ ಮೇಲೆ ಯಶವಂತಪುರ ಹತ್ತಿರವಾಗಿದೆ. ಚಿಕ್ಕಮಗಳೂರಿಗೂ 2013ರಿಂದ ಕಡೂರಿನ ಮೇಲೆ ರೈಲಿದೆ. ಸರ್ವಿಸ್ ಕಂಪನಿಯಲ್ಲಿದ್ದ ಗೆಳೆಯರು ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಯಡಿಯೂರೋ ಬೆಳ್ಳೂರು ಕ್ರಾಸೋ ದಾಟುವಷ್ಟರಲ್ಲಿ ನಿದ್ದೆ ಹೋಗಿ, ಮನೆಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಿದ್ದರು. ನಾನು ಕನ್ಸಲ್ಟಿಂಗ್‌ನಲ್ಲಿದ್ದಾಗ ಪುಣೆ ಹತ್ತಿರದ ಚಾಕಣ್‌ನಲ್ಲಿ ಏಳು ತಿಂಗಳು, ಚೆನ್ನೈ ಹತ್ತಿರದ ಶ್ರೀಪೆರಂಬದೂರಿನಲ್ಲಿ ನಾಲ್ಕು ತಿಂಗಳು. ಓಡಾಟದ ಭತ್ಯೆ ಉಳಿಸಿ ಅಮ್ಮನಿಗೆ ಫ್ರಿಜ್ ಕೊಡಿಸಿದೆ ನಿಜ. ಎರಡು ವರ್ಷ ಊರ ಜಾತ್ರೆ ತಪ್ಪಿತು, ಅಜ್ಜಿಯ ಕೊನೆಯ ತಿಂಗಳೂ ತಪ್ಪಿತು.

ಹೆಣ್ಣುಮಕ್ಕಳ ಮನೆಯವರು ಮೊದಲು ಕೇಳುವುದು ಇದನ್ನೇ. ನೇರವಾಗಿ ಎಚ್‌ಆರ್‌ಗೆ ಕೇಳಿ: ಪ್ರಯಾಣ ಎಷ್ಟು, ರಾತ್ರಿ ಪಾಳಿ ಇದೆಯೇ, ಕ್ಯಾಬ್ ಮನೆ ಬಾಗಿಲವರೆಗೆ ಬರುತ್ತದೆಯೇ, ಕ್ಲೈಂಟ್ ಜಾಗದಲ್ಲಿ ಇರಲು ವ್ಯವಸ್ಥೆ ಯಾರದು. ಕೇಳಿದರೆ ಆಫರ್ ಹೋಗುತ್ತದೆ ಎಂಬ ಭಯ ಬೇಡ.

ಹಾಗಾದರೆ ಯಾವುದು?

ಮೆಕ್ಯಾನಿಕಲ್, ಇಂಡಸ್ಟ್ರಿಯಲ್ ಓದಿದವರು, ಫ್ಯಾಕ್ಟರಿ ನೋಡಿದರೆ ಖುಷಿಯಾಗುವವರು, ಜನರ ಜೊತೆ ಮಾತಿಗೆ ಕೂರುವವರು ಸ್ಯಾಪ್ ಥರದ ಕನ್ಸಲ್ಟಿಂಗ್‌ಗೆ ಹೋಗಿ. ಬಿಕಾಂ ಮಾಡಿದವರಿಗೂ ಲೆಕ್ಕಪತ್ರದ ಮಾಡ್ಯೂಲ್‌ನಲ್ಲಿ ಜಾಗವಿದೆ. ಕೋಡ್ ಬರೆಯುವುದೇ ಇಷ್ಟ, ಮೀಟಿಂಗ್ ಅಂದರೆ ತಲೆನೋವು ಎನ್ನುವವರಿಗೆ ಕನ್ಸಲ್ಟಿಂಗ್ ಹಿಂಸೆ. ಜಿಸಿಸಿ, ಪ್ರಾಡಕ್ಟ್ ಕಂಪನಿಗಳಿಗೆ ಹೊರಗಿನಿಂದ ಪ್ರಯತ್ನಿಸುತ್ತಲೇ ಇರಿ, ಅಲ್ಲಿಯವರೆಗೆ ಸರ್ವಿಸ್ ಕಂಪನಿಯಲ್ಲಿ ಸಂಬಳ ತಗೊಳ್ಳಿ. ಅಡಿಪಾಯವೇ ಗಟ್ಟಿಯಿಲ್ಲ, ಇಂಟರ್‌ವ್ಯೂನಲ್ಲಿ ಹೇಗೋ ದಾಟಿದೆ ಎಂದು ನಿಮಗೇ ಗೊತ್ತಿದ್ದರೆ ದೊಡ್ಡ ಕಂಪನಿಯ ತರಬೇತಿಯೇ ಸರಿ. ಗುತ್ತಿಗೆ ಪ್ರಾಜೆಕ್ಟಿನಲ್ಲಿ ನಿಮಗೆ ಕಲಿಸುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ತಂಗಿ ಮೆಕ್ಯಾನಿಕಲ್. ನಾನು ಕನ್ಸಲ್ಟಿಂಗ್ ಕಡೆ ವಾಲಿದ್ದೆ, ಆದರೂ ಹೂಂ ಅನ್ನುವ ಮೊದಲು ಮೂರು ಪ್ರಶ್ನೆ ಬರೆದು ಎರಡೂ ಕಂಪನಿಗೆ ಮೇಲ್ ಹಾಕಿಸಿದೆ. ಮೊದಲ ಪ್ರಾಜೆಕ್ಟ್ ಯಾವ ಬಗೆಯದು, ನನ್ನ ಕೆಲಸ ನೋಡುವ ಹಿರಿಯರು ಯಾರು ಮತ್ತು ಅವರ ಕೈಕೆಳಗೆ ಎಷ್ಟು ಜನ, ಕಳೆದ ವರ್ಷ ಸೇರಿದ ಫ್ರೆಶರ್ ಒಬ್ಬರ ಜೊತೆ ಹತ್ತು ನಿಮಿಷ ಮಾತಾಡಬಹುದೇ. ದೊಡ್ಡ ಕಂಪನಿಯಿಂದ "ನಿಮ್ಮ ಆಸಕ್ತಿಗೆ ಧನ್ಯವಾದ" ಎಂಬ ಯಂತ್ರದ ಉತ್ತರ ಬಂತು. ಲಕ್ಷಾಂತರ ಜನರ ಕಂಪನಿ, ಅವರನ್ನು ದೂರುವಂತಿಲ್ಲ. ಸಣ್ಣ ಕಂಪನಿಯಿಂದ ಎರಡನೇ ದಿನ ಒಬ್ಬ ಹುಡುಗಿ ಫೋನ್ ಮಾಡಿದಳು. ದಾವಣಗೆರೆಯವಳಂತೆ. ಹತ್ತು ನಿಮಿಷದ ಮಾತು ಮುಕ್ಕಾಲು ಗಂಟೆ ನಡೆಯಿತು. ಸಂಬಳ ಸರಿಯಾಗಿ ಬರುತ್ತೆ, ಮ್ಯಾನೇಜರ್ ಕೂಗಾಡ್ತಾರೆ ಆದ್ರೆ ಕಲಿಸ್ತಾರೆ, ಮಾರ್ಚ್‌ನಲ್ಲಿ ಮಾತ್ರ ರಜೆ ಕೇಳಬೇಡ ಎಂದಳಂತೆ.

ಜಾಯಿನಿಂಗ್ ಜನವರಿ 5 ಎಂದು ಬಂತು. ಅರೇಬಿಕಾ ಮುಗಿದು ರೋಬಸ್ಟಾ ಶುರುವಾಗುವ ಹೊತ್ತು, ಸಂಜೆ ತೂಕದ ಚೀಟಿ ಬರೆಯುತ್ತಿದ್ದವಳು ಅವಳೇ. ಸುದ್ದಿ ಕೇಳಿ ಚಿಕ್ಕಪ್ಪ ಕಡೆಗೂ ಬಾಯಿ ಬಿಟ್ಟರು.

"ಹದಿನೈದು ದಿನ ಮುಂದಕ್ಕೆ ಹಾಕೋಕೆ ಕೇಳಮ್ಮ. ಕೊಡ್ಲಿಲ್ಲ ಅಂದ್ರೆ ಹೋಗು, ತೂಕ ನಾನೇ ಬರ್ಕೊಳ್ತೀನಿ."